ಹಾಲವ್ವನ ಹಲ್ಲುಪುಡಿ

ಮಲ್ಲತ್ತಹಳ್ಳಿ ಕೆರೆಯ ಮೇಲೆ ಮಂಜು ಇನ್ನೂ ಮಲಗಿರುವಾಗಲೇ ಹಾಲವ್ವ ಬಾಡಿಗೆ ಮನೆಯ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಹಲ್ಲಿಗೆ ತಪಕೀರು ಎಂಬ ನಶ್ಯದ ಪುಡಿ ತಿಕ್ಕುತ್ತಿದ್ದಳು. ರೋಣದ ಕಡೆಯಿಂದ ಅವಳು ತಂದ ರೂಢಿ ಅದು. ಆ ಕಂದು ಪುಡಿ ಒಸಡಿಗೆ ಹತ್ತಿದ ಕೂಡಲೇ ತಲೆ ಹಗುರಾಗಿ, ಕೆರೆ, ದಡ, ಮನೆಗಳೆಲ್ಲ ಕರಗಿ, ಎಂದೋ ತೀರಿಹೋದ ಅವ್ವ ಬಂದು ಎಡಕ್ಕೆ ಕೂರುತ್ತಿದ್ದಳು. ಇಬ್ಬರೂ ಬೆರಳು ಬಾಯಲ್ಲಿಟ್ಟುಕೊಂಡೇ ಊರವರ ಸುದ್ದಿಯನ್ನೆಲ್ಲ ಜಾಲಾಡುತ್ತಿದ್ದರು. ಸತ್ತವರ ಜೊತೆ ದಿನಾ ಹರಟುವ ಭಾಗ್ಯ ಯಾರಿಗುಂಟು ಯಾರಿಗಿಲ್ಲ.

ಅವಳು ಗೋವಿಂದರಾಜನಗರದ ಖಾನಾವಳಿಯೊಂದರಲ್ಲಿ ಹಾಡುತ್ತಾ ರೊಟ್ಟಿ ಬಡಿಯುವವಳು. ಹಾಡು ಗಂಟಲಲ್ಲೇ ಸಿಕ್ಕಿಕೊಳ್ಳತೊಡಗಿದಾಗ ಮಗಳು ಭುವನೇಶ್ವರಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ನಾಲಿಗೆಯ ಬುಡದಲ್ಲಿ ಗಂಟಿತ್ತು, ಕ್ಯಾನ್ಸರ್. ಡಾಕ್ಟರ್ ಕೀರ್ತನಾ ಗಂಟಿನ ಚೂರನ್ನು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಪಿ-ಸಿಕ್ಸ್‌ಟೀನ್ ಎಂಬ ಗುರುತು ಸಿಕ್ಕಿತು. ಈ ಗುರುತಿರುವ ಗಂಟು ಸಾಮಾನ್ಯವಾಗಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದಂತೆ. ಆದರೆ ಊಟ ಬಿಟ್ಟು ತೂಕ ಇಳಿದರೆ, ತಂಬಾಕು ಮುಂದುವರಿದರೆ ಆ ಲಾಭ ಕೈತಪ್ಪಬಹುದಂತೆ. ತಂಬಾಕು ಹಾಕುತ್ತೀರಾ ಎಂದದ್ದಕ್ಕೆ ಹಾಲವ್ವ, ಎಲೆ ಅಡಿಕೆಯನ್ನೂ ಮುಟ್ಟುವುದಿಲ್ಲ ಎಂದಳು. ಸುಳ್ಳು ಹೇಳುವ ಪೈಕಿ ಅಲ್ಲ ಅವಳು. ತಪಕೀರು ಅವಳ ಪಾಲಿಗೆ ಹಲ್ಲುಪುಡಿ. ಮಗಳೂ ಹೌದೆಂದು ತಲೆಯಾಡಿಸಿದಳು. ಹುಟ್ಟಿದಾಗಿನಿಂದ ಕಂಡದ್ದು ಯಾರ ಕಣ್ಣಿಗೆ ಬೀಳುತ್ತದೆ?

ರೇಡಿಯೇಶನ್ ಶುರುವಾಯಿತು. ಬಾಯೆಲ್ಲ ಹುಣ್ಣಾಗಿ ಗಂಜಿಯೂ ಉರಿಯತೊಡಗಿತು. ಊಟ ತಪ್ಪಿತು, ತಪಕೀರು ತಪ್ಪಲಿಲ್ಲ. ಒಂದು ದಿನ ಬಾಯೊಳಗೆ ಟಾರ್ಚು ಬಿಟ್ಟ ಕೀರ್ತನಾ ಒಸಡಿನ ಕಂದು ಕಲೆ ಕಂಡು, ಹಲ್ಲಿಗೆ ಏನು ಹಚ್ಚುತ್ತೀರಿ ಎಂದು ಕೇಳಿದರು. ಹಾಲವ್ವ ಸೊಂಟದ ಚೀಲದಿಂದ ಡಬ್ಬಿ ತೆಗೆದು ಚಾಚಿದಳು, ಬೇಕಾದರೆ ನೀವೂ ತಗೊಳ್ಳಿ ಎನ್ನುವ ಹಾಗೆ.

"ಇದೂ ತಂಬಾಕೇ ಅಮ್ಮ," ಎಂದರು ಕೀರ್ತನಾ. "ಆ ಗುರುತು ನಿಮ್ಮ ಕಡೆ ಇದೆ. ನೀವೇ ಅದನ್ನ ಕೆಡಿಸ್ಕೋಬೇಡಿ."

"ಇದನ್ನ ಬಿಟ್ರ ನಮ್ಮವ್ವ ಬರಂಗಿಲ್ರೀ," ಎಂದಳು ಹಾಲವ್ವ.

ಡಾಕ್ಟರಿಗೆ ಅರ್ಥವಾಗಲಿಲ್ಲ. ಮುಂಜಾನೆ ತಾಯಿ ಒಬ್ಬಳೇ ಹರಟುವುದನ್ನು ಕೇಳುತ್ತ ಬೆಳೆದ ಭುವನೇಶ್ವರಿಗೆ ಆಯಿತು. ಅವಳು ಗೋಡೆಯ ಕಡೆ ತಿರುಗಿ ಅತ್ತಳು. ಆ ಬೆನ್ನು ನೋಡಿದ ಹಾಲವ್ವ ಅಂದುಕೊಂಡಳು: ನಾಳೆ ನಾನು ಸತ್ತ ಮೇಲೆ ನನ್ನನ್ನು ಕರೆಯಲು ಈ ಹುಡುಗಿ ಏನು ತಿಕ್ಕಿಕೊಳ್ಳಬೇಕು? ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲೇ ಬಿಟ್ಟು ಬಂದಳು.

ಮಾರನೆಯ ಬೆಳಿಗ್ಗೆ ಬರಿಗೈಯಲ್ಲಿ ಕಲ್ಲಿನ ಮೇಲೆ ಕೂತಳು. ಮಂಜಿತ್ತು, ಅವ್ವ ಬರಲಿಲ್ಲ. ಮಂಜು ಹರಿದ ಮೇಲೆ ಕೆರೆ ಬರೀ ಕೆರೆಯಾಗಿತ್ತು. ಗಂಜಿಯ ಬಟ್ಟಲು ಹಿಡಿದು ಬಂದ ಭುವನೇಶ್ವರಿ ಊರಿನ ಸುದ್ದಿ ಎತ್ತುತ್ತಾ ಅವಳ ಎಡಕ್ಕೆ, ಅವ್ವನ ಜಾಗದಲ್ಲೇ ಕೂತಳು. ಅಲ್ಲಿ ಕುಂಡ್ರಬ್ಯಾಡ ಎನ್ನಲು ಹಾಲವ್ವ ಬಾಯಿ ತೆರೆದಳು. ತೆರೆದ ಬಾಯಿಗೆ ಮಗಳು ಒಂದು ಚಮಚ ಗಂಜಿ ಹಾಕಿದಳು. ಉರಿಯಿತು. ಹಾಲವ್ವ ನುಂಗಿ, ಆಮೇಲೇನಾಯಿತು ಎಂದು ಕೇಳಿದಳು.