ಹಲ್ಲಿನ ಸಾಕ್ಷಿ

ಮೇಲುನೋಟಕ್ಕೆ ವೈಜಿನಾಥ ಎರಡನೇ ದರ್ಜೆಯ ಮಾಲು. ತೂಕ ಅರ್ಧ ಚೀಲ ಜೋಳಕ್ಕಿಂತ ನಾಲ್ಕು ಮುಷ್ಟಿ ಕಡಿಮೆ. ಗೋಣಿ ಹಳೆಯದು, ಹೊಲಿಗೆ ಮಾತ್ರ ಗಟ್ಟಿ. ಒಳಗೆ ಇಪ್ಪತ್ತೆಂಟು ವರ್ಷದ ಬೀಡಿಯ ಹೊಗೆ. ಕೆಮ್ಮಿದರೆ ಖಾಲಿ ಡಬ್ಬಿಯಲ್ಲಿ ಹರಳು ಹಾಕಿ ಕುಲುಕಿದಂತೆ. ಇಂಥ ಮಾಲನ್ನು ಯಾವ ವ್ಯಾಪಾರಿಯೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ಆದರೆ ಬಾಯಲ್ಲಿ ಮೂವತ್ತೆರಡೂ ಹಲ್ಲು ನೆಟ್ಟಗಿದ್ದವು. ಭಾಲ್ಕಿಯ ಕಾಳಿನ ಪೇಟೆ ಗಂಜಿನಲ್ಲಿ ಧಾನ್ಯದಂಗಡಿ ಇಟ್ಟಿದ್ದ ಸಾವಕಾರ ಅವನನ್ನು ಇಟ್ಟುಕೊಂಡದ್ದು ಆ ಹಲ್ಲಿಗಾಗಿ.

ಅವನ ಕೆಲಸ ಕಾಳು ಪರೀಕ್ಷೆ. ಟೊಳ್ಳು ಕಬ್ಬಿಣದ ಸೂಜಿಯನ್ನು ಚೀಲಕ್ಕೆ ಚುಚ್ಚಿದರೆ ಒಂದು ಹಿಡಿ ಕಾಳು ಅಂಗೈಗೆ ಇಳಿಯುತ್ತದೆ. ನೋಡಬೇಕು, ಮೂಸಬೇಕು, ಕಡಿಯಬೇಕು. ಕಟ್ ಎಂದರೆ ಒಣಗಿದ ಮಾಲು, ಮೆತ್ತಗೆ ಒಡೆದರೆ ಹಸಿ. ಮೂಸುವುದನ್ನು ವೈಜಿನಾಥ ಶಾಸ್ತ್ರಕ್ಕೆ ಮಾಡುತ್ತಿದ್ದ. ಅವನ ಮೂಗಿಗೆ ತೊಗರಿ, ಜೋಳ, ಸಾವಕಾರನ ತಲೆಯ ಪಟಗ ಎಲ್ಲವೂ ಒಂದೇ ವಾಸನೆ, ಬೀಡಿಯದು.

ಎಪ್ಪತ್ತೆರಡರ ಶ್ರಾವಣದಲ್ಲಿ ಮಳೆ ಬರಲಿಲ್ಲ; ವೈಜಿನಾಥನ ಕೆಮ್ಮಿನಲ್ಲಿ ರಕ್ತ ಬಂತು. ಹೆಂಡತಿ ಸುಭದ್ರಾಬಾಯಿ ಅವನನ್ನು ಬೀದರಿಗೆ ಎಳೆದೊಯ್ದು, ಚೌಬಾರ ಬುರುಜಿನ ಹಿಂದಿನ ಓಣಿಯಲ್ಲಿ ಕೂರುತ್ತಿದ್ದ ಹಕೀಮ ಖಾಸಿಂ ಅಲಿಯ ಮುಂದೆ ಕೂಡಿಸಿದಳು. ಹಕೀಮ ನಾಡಿ ಹಿಡಿದ, ಎದೆಗೆ ಕಿವಿ ಹಚ್ಚಿದ, ಹಳದಿಗಟ್ಟಿದ ಬೆರಳುಗಳನ್ನು ತಿರುವಿ ನೋಡಿದ.

“ಉಸಿರು ಬೇಕೋ, ಬೀಡಿ ಬೇಕೋ?”

“ಎರಡೂ ಇದ್ರ ಛಲೋ ಇತ್ತರಿ.”

“ಎರಡಕ್ಕೂ ಜಾಗಾ ಉಳಿದಿಲ್ಲ ಮಿಯಾ. ಇವತ್ತೇ ಬಿಡು. ಬಿಟ್ಟು ಸುಮ್ಮ ಕೂಡಬ್ಯಾಡ ಮತ್ತ. ಬೀಡಿ ಬಿಟ್ಟವನ ಮೈ ಅಂದ್ರ ಖಾಲಿ ಬಿದ್ದ ಬಾಡಿಗಿ ಮನಿ. ಒಳ್ಳೆಯವ್ರನ್ನ ಕೂಡಿಸದಿದ್ರ ಕೆಟ್ಟವ್ರು ಬಂದು ಕೂಡ್ತಾರ.”

ಆ ಒಳ್ಳೆಯವರ ಹೆಸರನ್ನೂ ಹೇಳಿದ: ನೆಲ್ಲಿಕಾಯಿ, ಪೇರಲಹಣ್ಣು, ಗಜ್ಜರಿ, ನುಗ್ಗಿ ತಪ್ಪಲ, ಮೊಳಕೆ ಬಂದ ಮಡಕಿ ಕಾಳು, ಅಗಸಿ ಹಿಂಡಿ. ಚಟ ಎದ್ದಾಗ ಬಾಯಿಗೆ ಬಡೇಸೋಪು, ಮೇಲೆ ಒಂದು ತಂಬಿಗೆ ನೀರು. ಏಳುವಾಗ ಇನ್ನೊಂದು ಮಾತು ಸೇರಿಸಿದ.

“ಮೂರು ತಿಂಗಳಿಗಿ ನಿನ್ನ ಮೂಗು ತಿರುಗಿ ಬರ್ತದ. ಬಂತಂತ ಖುಷಿ ಪಡಬ್ಯಾಡ. ಈ ವರ್ಷ ವಾಸನಿ ನೋಡೂವಂಥಾ ವರ್ಷ ಅಲ್ಲ.”

ಭಾಲ್ಕಿಯಲ್ಲಿ ಆ ವರ್ಷ ಒಂದು ತಂಬಿಗೆ ನೀರನ್ನು ಔಷಧಿ ಎಂದು ಬರೆದುಕೊಡುವುದು ಹಕೀಮನಿಗೆ ಸುಲಭ, ತರುವುದು ಸುಭದ್ರಾಬಾಯಿಗೆ ಕಷ್ಟ. ಆದರೂ ಅವಳು ತಂದಳು. ಹಿತ್ತಲ ನುಗ್ಗೆಗೆ ಪಾತ್ರೆ ತೊಳೆದ ನೀರು ಸುರಿದಳು. ಬರಕ್ಕೆ ಹೆದರದ ಗಿಡ ಅದೊಂದೇ. ಅಷ್ಟೂರು ಹಳ್ಳಿಯ ಯಾವುದೋ ಬಾವಿಯ ತಳದ ನೀರು ಕುಡಿದು ಬೆಳೆದ ಪೇರಲ ಬಸ್ಸಿನಲ್ಲಿ ಬರುತ್ತಿತ್ತು. ಒಂದು ಹಣ್ಣನ್ನು ಎಂಟು ಹೋಳು ಮಾಡಿ ಎಂಟು ದಿನ ತಿನ್ನಿಸಿದಳು. ಮಡಕಿ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಕೂಸು ಮಲಗಿದೆಯೇನೋ ಎಂಬಂತೆ ಮೂಲೆಯಲ್ಲಿ ಇಡುತ್ತಿದ್ದಳು.

ಚಳಿಗಾಲಕ್ಕೆ ಗಜ್ಜರಿ ಗಡ್ಡೆ ಬಂತು. ಇಪ್ಪತ್ತೆಂಟು ವರ್ಷ ಕಿವಿಯ ಮೇಲೆ ಬೀಡಿ ಸಿಕ್ಕಿಸಿಕೊಂಡ ಕೈಗೆ ಆ ಜಾಗ ಖಾಲಿ ಇರುವುದು ಸೇರಲಿಲ್ಲ. ವೈಜಿನಾಥ ಅಲ್ಲಿ ಒಂದು ಗಜ್ಜರಿ ಚೂರು ಸಿಕ್ಕಿಸಿಕೊಂಡು ಅಂಗಡಿಗೆ ಬರತೊಡಗಿದ. ಚೀಲ ಹೊರುವ ಹಮಾಲರಿಗೆ ಹಬ್ಬವಾಯಿತು.

“ವೈಜಿನಾಥಣ್ಣ, ಕಡ್ಡಿ ಗೀರ್ಲೇನೋ?”

“ಗೀರಲೇ. ಹೊಗಿ ಬಂದ್ರ ನಿನಗೂ ಒಂದ್ ಜುರಕಿ ಕೊಡ್ತೇನಿ.”

ನಗುತ್ತಿದ್ದರು. ಆದರೆ ಬರಗಾಲದ ಅಂಬಲಿ ಕೇಂದ್ರಕ್ಕೆ ಸಾಲಾಗಿ ಹೋಗುತ್ತಿದ್ದವರು ನಗುತ್ತಿರಲಿಲ್ಲ. ಊರಿಗೆ ಊರೇ ಅಂಬಲಿ ಕುಡಿಯುವಾಗ ಒಬ್ಬ ಹಣ್ಣು ಕಡಿಯುತ್ತ ಹೋದರೆ ಅವನ ಬಾಯಿಯನ್ನೇ ನೋಡುವ ಕಣ್ಣುಗಳು ಇರುತ್ತವೆ. ವೈಜಿನಾಥ ಗೋಡೆ ಕಡೆ ತಿರುಗಿ ತಿನ್ನುವುದನ್ನು ಕಲಿತ.

ದಸರೆ ಕಳೆದ ಮೇಲೆ ಮೂಗು ಬಂತು. ಮೊದಲು ಬಂದದ್ದು ಹಂಚಿನ ಮೇಲಿನ ರೊಟ್ಟಿಯ ವಾಸನೆ. ತಾಟಿನ ಮುಂದೆ ಕಣ್ಣು ಮುಚ್ಚಿ ಕೂತ ಅವನನ್ನು ಕಂಡು ಸುಭದ್ರಾಬಾಯಿ, “ಜಪಾ ಮಾಡ್ಲತ್ತೀರೇನು? ಆರ್ತದ, ತಿನ್ರಿ” ಅಂದಳು. ಆಮೇಲೆ ಬಂದದ್ದೆಲ್ಲ ಬೇರೆ. ಬಾವಿಯ ತಳದ ಕೊಳೆ. ಊರ ಹೊರಗೆ ಬಿದ್ದ ದನ. ಸ್ಟೇಶನ್ನಿನಲ್ಲಿ ಗಂಟು ಕಟ್ಟಿಕೊಂಡು ಹೈದರಾಬಾದಿನ ಗಾಡಿ ಕಾಯುವವರ ಹಸಿದ ಬಾಯಿಗಳ ಹುಳಿ. ಬಿತ್ತನೆಯಾಗದೆ ಬೀಜ ಉಳಿದ ಅಂಗಡಿಯ ಮುಂದೆ ಹಾಯುವಾಗ ಹುಳದ ಪುಡಿಯ ಘಾಟು, ಬೀಜಕ್ಕೆ ಹುಳ ಹತ್ತದಂತೆ ಸವರುವ ವಿಷದ್ದು. ಊರು ಒಳಗಿನಿಂದ ಕೆಡುತ್ತಿತ್ತು. ಅದು ಗೊತ್ತಾಗುತ್ತಿದ್ದದ್ದು ಅವನೊಬ್ಬನಿಗೇ.

ಸುಮ್ಮನಿದ್ದಿದ್ದರೆ ಒಳ್ಳೆಯದಿತ್ತು. ಎಲ್ಲರಿಗೂ ಹೇಳುತ್ತ ತಿರುಗಿದ. ಹೆಂಡತಿಯ ಒಗ್ಗರಣೆ ಎಣ್ಣೆ ಹಳೆಯದು, ಹಮಾಲರ ಅಂಗಿ ನಾರುತ್ತದೆ, ಸಾವಕಾರನ ಗಾದಿಯೊಳಗೆ ಇಲಿ ಹೆತ್ತಿದೆ. ಕೊನೆಗೆ ಒಂದು ದಿನ ಮೂವತ್ತು ಚೀಲ ತೊಗರಿಯನ್ನು ಚಿಮಣಿ ಎಣ್ಣೆ ಬಿದ್ದಿದೆ ಎಂದು ವಾಪಸು ಕಳಿಸಿಬಿಟ್ಟ. ವಾಸನೆ ತೊಗರಿಯದಾಗಿರಲಿಲ್ಲ, ಹೊಸ ಗೋಣಿಯದು. ಪಕ್ಕದಂಗಡಿಯವನು ಆ ತೊಗರಿ ಕೊಂಡು ನಗುತ್ತ ಇತ್ತ ನೋಡಿದ. ಆವತ್ತು ಸಾವಕಾರ ಎಲ್ಲರೆದುರು ಕಾಯಿದೆ ಮಾಡಿದ.

“ಇನ್ನ ಮ್ಯಾಲ ಈ ಅಂಗಡ್ಯಾಗ ಮೂಗಿನ ಸಾಕ್ಷಿ ನಡಿಯೂದಿಲ್ಲ. ಹಲ್ಲಿನ ಸಾಕ್ಷಿ ಬೇಕು. ತಿಳೀತೇನೋ?”

“ತಿಳೀತ್ರಿ” ಅಂದ ವೈಜಿನಾಥ. ತಪ್ಪು ಅವನದೇ ಆಗಿತ್ತು.

ಮಾಘದಲ್ಲಿ ಗಡಿಯಾಚೆಯ ಒಬ್ಬ ದಲಾಲ ಅರವತ್ತು ಚೀಲ ಬಿಳಿಜೋಳ ತಂದ. ಬರಗಾಲದಲ್ಲಿ ಅಷ್ಟು ಜೋಳ, ಅಷ್ಟು ಅಗ್ಗಕ್ಕೆ, ಅಷ್ಟು ಸ್ವಚ್ಛ. ಕೈಯಾಡಿಸಿದರೆ ಚೂರೂ ಧೂಳಿಲ್ಲ. ಧೂಳಿಲ್ಲದ ಜೋಳ ಕಂಡರೆ ವ್ಯಾಪಾರಿಗೆ ಸಂಶಯ ಬರಬೇಕು. ಸಾವಕಾರನಿಗೆ ಸಂತೋಷ ಬಂತು. ಕೊಳ್ಳುವವರೂ ಸಿದ್ಧರಿದ್ದರು. ಔರಾದ ತಾಲೂಕಿನ ಠಾಣಾ ಕುಶನೂರಿನಿಂದ ನಲವತ್ತು ಮನೆಯವರು ಸೋಮವಾರ ಕಬ್ಬು ಕಡಿಯಲು ಹೊರಡುವವರು. ಅವರನ್ನು ಕರೆದೊಯ್ಯುವ ಮುಕಾದಮ ಎರಡು ತಿಂಗಳ ಜೋಳಕ್ಕೆ ಹೇಳಿಕಳಿಸಿದ್ದ. ಆ ನಲವತ್ತರಲ್ಲಿ ಒಂದು ಮನೆ ವೈಜಿನಾಥನ ತಂಗಿ ಗಿರಿಜಾಬಾಯಿಯದು. ಗಂಡ, ಅವಳು, ಮೂರು ಮಕ್ಕಳು.

ಶುಕ್ರವಾರ ಮುಂಜಾನೆ ಲಾರಿ ಬಂತು. ಚೀಲ ಏರಿಸಿದ ಮೇಲೆ ಡ್ರೈವರ್ ನಜಮೋದ್ದೀನ, “ಜುಮ್ಮಾ ನಮಾಜ್ ಮುಗಿಸ್ಕೊಂಡು ಬಿಡ್ತೀನಿ ಸಾವಕಾರ್ರೆ, ಸಂಜಿಗಿ ಕುಶನೂರ” ಎಂದು ಟಾಯರಿಗೆ ಒದ್ದು ನೋಡಿದ. ತೊಗರಿಯ ಅವಮಾನದ ನಂತರ ಇಂಥ ಸ್ವಚ್ಛ ಮಾಲಿಗೆ ವೈಜಿನಾಥನನ್ನು ಯಾರೂ ಕರೆದಿರಲಿಲ್ಲ. ತಂಗಿಯ ಮನೆಗೆ ಹೋಗುವ ಜೋಳವೆಂದು ಅವನೇ ಲಾರಿ ಹತ್ತಿ ಸೂಜಿ ಚುಚ್ಚಿದ. ಕಡಿದ. ಕಟ್ ಅಂತು. ಮೂಸಿದ. ಅಂಗೈ ದೂರ ಹಿಡಿದ. ಮತ್ತೊಂದು ಚೀಲ, ಮತ್ತೊಂದು. ಹತ್ತನೆಯದಕ್ಕೆ ಕೆಳಗಿಳಿದ.

“ಸಾವಕಾರ್ರೆ, ಇದು ತಿನ್ನೂ ಜೋಳ ಅಲ್ಲರಿ. ಬಿತ್ತೂ ಬೀಜ. ಬಿತ್ತಲಿಕ್ಕಿ ಆಗ್ಲಿಲ್ಲಂತ ಪುಡಿ ತೊಳದು ಒಣಗಿಸ್ಯಾರ. ಹುಳದ ಪುಡಿ ವಾಸನಿ ಹಂಗೇ ಅದ.”

ಸಾವಕಾರ ಒಂದು ಹಿಡಿ ಮೂಸಿದ. ಅವನ ಮೂಗಿಗೆ ಜೋಳವೇ ಬಂತು. “ಬಣ್ಣ ಎಲ್ಲದ? ಪುಡಿ ಎಲ್ಲದ? ಹಲ್ಲು ಏನಂತು?”

“ಹಲ್ಲು ಛಲೋ ಅಂತರಿ. ಮೂಗು…”

“ಮತ್ತ ಮೂಗು!” ಸಾವಕಾರ ಹಮಾಲರ ಕಡೆ ತಿರುಗಿ ಕಣ್ಣು ಹೊಡೆದ. “ಎಲ್ಲಾರೂ ನಿಮ್ಮ ನಿಮ್ಮ ಅಂಗಿ ಮುಚ್ಕೊಳ್ರಪ್ಪಾ, ವೈಜಿನಾಥನ ಮೂಗು ಬಂತು!”

“ಎರಡ್ ದಿನಾ ತಡೀರಿ. ಒಂದು ಕೋಳಿಗಿ ಹಾಕಿ ನೋಡೂಣು.”

“ಕೋಳಿ? ಈ ಬರದಾಗ ಕೋಳಿ ಉಳಿಸ್ದವರು ಯಾರದಾರ? ಅಷ್ಟು ಸಂಶೇ ಇದ್ರ ನೀನೇ ತಿಂದು ತೋರ್ಸು.”

ಗಂಜಿನಲ್ಲಿ ಇಂಥ ಮಾತು ದಿನಕ್ಕೆ ಇಪ್ಪತ್ತು ಸಲ ಬರುತ್ತದೆ, ಗಾಳಿಗೆ ಹೋಗುತ್ತದೆ. ಇದು ಹೋಗಲಿಲ್ಲ. ವೈಜಿನಾಥ ಕಿವಿಯ ಮೇಲಿನ ಗಜ್ಜರಿ ತೆಗೆದು ಜೇಬಿಗೆ ಹಾಕಿದ. ಗಿರಿಜಾಬಾಯಿಗೆ ಒಬ್ಬಳಿಗೆ ಚೀಟಿ ಕಳಿಸಬಹುದಿತ್ತು. ಉಳಿದವರು? ಮೂಗಿನ ಮಾತಿಗೆ ಎರಡು ತಿಂಗಳ ಜೋಳ ಯಾರು ಬಿಡುತ್ತಾರೆ? ತೊಗರಿಯ ನೆನಪೂ ಅವನಿಗಿತ್ತು. ಮೂಗು ಈ ಸಲವೂ ಸುಳ್ಳಾದರೆ ನಗುವುದರಲ್ಲಿ ಅವನೂ ಸೇರುತ್ತಿದ್ದ. ಒಂದು ಸೇರು ಜೋಳ ಧೋತರದ ಸೆರಗಿಗೆ ಕಟ್ಟಿಕೊಂಡು ಮನೆಗೆ ನಡೆದ.

ಸಂಗತಿ ಕೇಳಿದ ಸುಭದ್ರಾಬಾಯಿ ಆ ಜೋಳ ಬೀಸುತ್ತ ನಗೆಯಾಡಿದಳು. “ಛಲೋ ಆತು. ತಿಂದು ನಿಮ್ಮ ಮೂಗಿನ ಹುಚ್ಚು ಬಿಡ್ಲಿ. ನನ್ನ ಅಡಗಿಗಿ ಹೆಸರಿಡೂದೂ ತಪ್ತದ.”

“ನೀ ಇದ್ರಾಗಿಂದು ತಿನ್ನಬ್ಯಾಡ. ರಾತ್ರಿದು ತಂಗಳ ಅದಲ್ಲ, ಅದು ತಿನ್ನು.”

ಅವಳ ಕೈ ಬೀಸುಗಲ್ಲಿನ ಮೇಲೆ ಒಂದು ಗಳಿಗೆ ನಿಂತಿತು. “ಖರೇನೇ ಅನಸ್ತದೇನ್ರಿ ನಿಮಗ?”

“ಗೊತ್ತಿಲ್ಲ. ಅದಕ್ಕೇ ತಿನ್ನೂದು.”

ಅವಳು ಮತ್ತೆ ನಗಲಿಲ್ಲ. ಬೇಡವೆನ್ನಲು ಬಾಯಿ ತೆರೆದಳು, ಗಿರಿಜಾಬಾಯಿಯ ಮಕ್ಕಳು ನೆನಪಾದರೋ ಏನೋ, ಮುಚ್ಚಿದಳು. ಮೂರು ರೊಟ್ಟಿ ಬಡಿದಳು. ಬರೀ ರೊಟ್ಟಿ ಕೊಡಲು ಕೈ ಬರಲಿಲ್ಲ. ಆರು ತಿಂಗಳು ಅವನನ್ನು ಕಟ್ಟಿ ನಿಲ್ಲಿಸಿದ ಅದೇ ನುಗ್ಗಿ ತಪ್ಪಲಿನ ಪಲ್ಯ ಮೇಲಿಟ್ಟು ಬಟ್ಟೆಯಲ್ಲಿ ಕಟ್ಟಿದಳು.

ಅವನು ಅಂಗಡಿಯ ಕಟ್ಟೆಯ ಮೇಲೆ ಕೂತು, ಎಲ್ಲರಿಗೂ ಕಾಣುವಂತೆ ತಿಂದ. ಗೋಡೆಯ ಕಡೆ ತಿರುಗದೆ ತಿಂದದ್ದು ಎಷ್ಟೋ ದಿನದ ಮೇಲೆ. ಸಾವಕಾರ, “ಉಪ್ಪು ಬರೊಬ್ಬರಿ ಅದೇನೋ?” ಅಂದ. ಹಮಾಲರು ನಕ್ಕರು. ಮಸೀದಿಯ ಕೂಗು ಕೇಳಿ ನಜಮೋದ್ದೀನ ಹೋದ.

ಮೊದಲು ವೈಜಿನಾಥನ ತುಟಿ ಜುಮುಗುಟ್ಟಿತು. ಹಣೆಯ ಮೇಲೆ ಬೆವರು ಒಡೆಯಿತು, ಮಾಘದ ಚಳಿಯಲ್ಲಿ. ಒಬ್ಬ ಹಮಾಲ ನಗು ನಿಲ್ಲಿಸಿದ. ವೈಜಿನಾಥ ಎದ್ದು ಚರಂಡಿಯ ಕಡೆ ಹೋಗಿ ವಾಂತಿ ಮಾಡಿ, ಬಾಯಿ ಒರೆಸಿಕೊಂಡು ತಿರುಗಿ ಬಂದು ಅದೇ ಜಾಗದಲ್ಲಿ ಕೂತ.

“ಏ ವೈಜಿನಾಥ, ನಾಟಕ ಸಾಕೋ” ಅಂದ ಸಾವಕಾರ.

ಅವನು ಸಾವಕಾರನನ್ನು ನೋಡಿದ. ಮಾತಾಡಲು ಹೋದ ಬಾಯಿ ಒಂದು ಬದಿಗೆ ಎಳೆಯಿತು. ಕೈ ಸೆಟೆಯಿತು, ಕಾಲು ಸೆಟೆಯಿತು, ಕಟ್ಟೆಯಿಂದ ಕೆಳಗೆ ಬಿದ್ದ. ಆ ಮೂವತ್ತೆರಡು ಹಲ್ಲು ಒಂದಕ್ಕೊಂದು ಕಚ್ಚಿ ಕೂತವು; ಬಿಡಿಸಲು ಇಬ್ಬರಿಂದ ಆಗಲಿಲ್ಲ. ಜೇಬಿನಿಂದ ಗಜ್ಜರಿ ಚೂರು ಉರುಳಿ ಚೀಲಗಳ ಕೆಳಗೆ ಹೋಯಿತು.

ನಮಾಜು ಮುಗಿಸಿ ಬಂದ ನಜಮೋದ್ದೀನ ಲಾರಿಯ ಹಿಂಬಾಗಿಲು ಕಳಚಿದ. ಹಮಾಲರು ಚೀಲಗಳನ್ನು ಬೀದಿಗೇ ಎಸೆದರು. ಕುಶನೂರಿಗೆ ಹೋಗಬೇಕಿದ್ದ ಲಾರಿ ವೈಜಿನಾಥನನ್ನೂ ಓಡಿಬಂದ ಸುಭದ್ರಾಬಾಯಿಯನ್ನೂ ಹಾಕಿಕೊಂಡು ಬೀದರಿನ ದವಾಖಾನೆಗೆ ಓಡಿತು. ದಾರಿಯಲ್ಲಿ ಎರಡು ಸಲ ಅವನ ಉಸಿರು ನಿಂತಿತು ಅಂದುಕೊಂಡಳು. ಎರಡು ಸಲವೂ ಎದೆ ತಾನೇ ಉಸಿರು ಎಳೆದುಕೊಂಡಿತು.

ನಾಲ್ಕನೆಯ ದಿನ ಸಾವಕಾರ ಪೇರಲಹಣ್ಣು ಹಿಡಿದುಕೊಂಡು ಬಂದ. ವೈಜಿನಾಥ ಕಣ್ಣು ತೆರೆದಿದ್ದ, ಬಲಗೈ ನಡುಗುತ್ತಿತ್ತು.

“ಚೀಲ ಏನ್ ಮಾಡಿದ್ರಿ?”

“ಹುಗಿಸಿಬಿಟ್ಟೆನೋ. ನೀ ಅದ್ರ ಚಿಂತಿ ಬಿಡು.”

“ಕೈ ಕೊಡ್ರಿ.”

ಸಾವಕಾರ ಕೈ ಕೊಟ್ಟ. ಸಮಾಧಾನಕ್ಕೆ ಹಿಡಿಯುತ್ತಾನೆ ಅಂದುಕೊಂಡಿದ್ದ. ವೈಜಿನಾಥ ಆ ಅಂಗೈಯನ್ನು ಮೂಗಿನ ಹತ್ತಿರ ಎಳೆದುಕೊಂಡ, ಹೊತ್ತು ತೆಗೆದುಕೊಂಡು ಮೂಸಿದ, ಬಿಟ್ಟ.

“ಇದ್ರಾಗ ಮಣ್ಣಿಲ್ಲರಿ. ಪುಡಿ ಅದ.”

ಅರವತ್ತು ಚೀಲ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದವು. ದಲಾಲ ವಾಪಸು ಒಯ್ಯುತ್ತೇನೆ ಅಂದಿದ್ದ. ಅವನು ಅದನ್ನು ಯಾವ ಊರಿಗೆ ಒಯ್ಯುತ್ತಾನೆಂದು ಸಾವಕಾರ ಕೇಳಿರಲಿಲ್ಲ. ಅವತ್ತು ಮುಂಜಾನೆಯಷ್ಟೇ ಅವುಗಳ ಬಾಯಿ ಹೊಲಿಸಿ ಬಂದಿದ್ದ.

ಸುಭದ್ರಾಬಾಯಿ ಎದ್ದು ನಿಂತಳು. “ಸಾವಕಾರ್ರೆ, ಹಣ್ಣು ಅಲ್ಲಿ ಇಡ್ರಿ. ಹೋಗಿ ಹುಗದು ಬರ್ರಿ. ಆಮ್ಯಾಗ ಕೂಡೂರಂತ್ರಿ.”

ಮರುದಿನ ಊರ ಹೊರಗೆ ಆಳುದ್ದ ಗುಂಡಿ ತೋಡಿಸಿ, ಚೀಲ ಒಂದೊಂದೇ ಹರಿದು ಸುರಿಸಿ, ಮೇಲೆ ಸುಣ್ಣ ಹಾಕಿ ಮುಚ್ಚಿಸಿದ್ದಾಯಿತು. ನಜಮೋದ್ದೀನ ದಂಡೆಯ ಮೇಲೆ ನಿಂತು ಕಡೆಯ ಚೀಲದವರೆಗೂ ನೋಡಿದ. ಸಾವಕಾರ ಮಣ್ಣಾದ ಕೈ ತೊಳೆಯದೆ ಬೀದರಿಗೆ ಹೋದ. ವೈಜಿನಾಥ ಆ ಕೈ ಮೂಸಿದ, ಪೇರಲದ ಒಂದು ಹೋಳು ಬಾಯಿಗೆ ಹಾಕಿಕೊಂಡ, ಗೋಡೆ ಕಡೆ ತಿರುಗಿ ಮಲಗಿದ.

ಗಿರಿಜಾಬಾಯಿ ಬೇರೆ ಅಂಗಡಿಯ ಜೋಳ ಹೊತ್ತು ಕಬ್ಬಿಗೆ ಹೋದಳು, ಮೂರೂ ಮಕ್ಕಳೊಂದಿಗೆ ತಿರುಗಿ ಬಂದಳು. ವೈಜಿನಾಥ ಮತ್ತೆ ಒಂಬತ್ತು ವರ್ಷ ಬದುಕಿದ. ಬೀಡಿ ಮುಟ್ಟಲಿಲ್ಲ. ನಡುಗುವ ಕೈಯಿಂದ ಸೂಜಿ ಹಿಡಿಯಲಾಗಲಿಲ್ಲ. ಕಟ್ಟೆಯ ಮೇಲೆ ಕೂತಿರುತ್ತಿದ್ದ, ಪ್ರತಿ ಚೀಲದ ಒಂದು ಹಿಡಿ ಅವನ ಮೂಗಿನ ಮುಂದೆ ಹೋಗಿಯೇ ಒಳಗೆ ಹೋಗುತ್ತಿತ್ತು. ಮಾಘದ ಆ ಶುಕ್ರವಾರದ ಬಗ್ಗೆ ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ, ಸಾವಕಾರನಂತೂ ಇಲ್ಲವೇ ಇಲ್ಲ.

ಆ ಸಾವಕಾರ ನಾನೇ. ಕುಶನೂರಿನ ನಲವತ್ತು ಮನೆಯವರನ್ನು ಕೊಂದವನೆನಿಸಿಕೊಳ್ಳದೆ ನಾನು ಮುದುಕನಾದದ್ದು ವೈಜಿನಾಥನಿಂದ. “ತಿಂದು ತೋರ್ಸು” ಅಂದದ್ದು ನನ್ನ ತಪ್ಪು ಎಂಬ ಒಂದು ಮಾತನ್ನು ನಾನು ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ.