ಸಿನಗಾಗ್ ಬಾಗಿಲಲ್ಲಿ ಅತ್ತೆಯ ಚಪ್ಪಲಿ

"ಈ ಚೀಲ ಯಾರದ್ದು?"

ಆಮ್‌ಸ್ಟರ್‌ಡ್ಯಾಮಿನ ಹಳೆಯ ಸಿನಗಾಗ್‌ನೊಳಗೆ ಸೆಕ್ಯುರಿಟಿ ಗಾರ್ಡ್ ಒಬ್ಬೊಬ್ಬರನ್ನೇ ಹೀಗೆ ಕೇಳುತ್ತಾ ಬಂದಾಗ ನಾನು ಕತ್ತೆತ್ತಿ ಹಿತ್ತಾಳೆಯ ತೂಗುದೀಪ ನೋಡುತ್ತಿದ್ದೆ. ಯಾರದ್ದೋ ಚೀಲ, ನಮಗೇನು? ಆಮೇಲೆ ಅವನ ಕೈಯ ಫೋನ್ ನೋಡಿದೆ. ಅದರಲ್ಲಿದ್ದದ್ದು ಕುವೈತಿನ ಸಾಲ್ಮಿಯಾದಲ್ಲಿ ನಮ್ಮ ಮನೆ ಕೆಳಗಿನ ಕಿರಾಣಿ ಅಂಗಡಿಯ ಹಳದಿ ಚೀಲ. ಮೇಲೆ ದಪ್ಪ ದಪ್ಪ ಅರಬ್ಬಿ ಅಕ್ಷರ.

ಯಹೂದಿಗಳ ಪ್ರಾರ್ಥನಾ ಮಂದಿರ. ಹೊರಗೋಡೆಯ ಬುಡದಲ್ಲಿ ಹೇಳುವವರು ಕೇಳುವವರಿಲ್ಲದ ಅರಬ್ಬಿ ಚೀಲ. ಈ ಕಾಲದಲ್ಲಿ ಕಂಬಿ ಎಣಿಸಲು ಇನ್ನೇನು ಬೇಕು ಹೇಳಿ?

ಚೀಲ ನಮ್ಮ ಅತ್ತೆಯದು. (ಕಾರ್ಕಳದವರು. ಈಗ ಕುವೈತಿನಲ್ಲಿ ನಮ್ಮ ಜೊತೆಗೇ ಇದ್ದಾರೆ.) ದೇವರಿರುವ ಜಾಗಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೋಗುವುದುಂಟೇ? ಊರಿನ ದೇವಸ್ಥಾನದಲ್ಲಿ ಮಾಡುವಂತೆ, ಕಳ್ಳರ ಕಣ್ಣಿಗೆ ಬೀಳಬಾರದೆಂದು ಚೀಲಕ್ಕೆ ತುರುಕಿ, ಗಂಟು ಹಾಕಿ, ಮರೆಯಲ್ಲಿಟ್ಟು ಬಂದಿದ್ದರು. ಸೀರೆಯಡಿಯ ಬರಿಗಾಲು ನಮಗೆ ಕಾಣಲೇ ಇಲ್ಲ.

ಅಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ. ಗಂಡಸರು ತಲೆ ಮುಚ್ಚಿಕೊಂಡರೆ ಆಯಿತು. ಧೂಳು, ಸದ್ದು ಹೀರಲಿ ಎಂದು ನೆಲದ ಹಲಗೆಗಳ ಮೇಲೆ ನುಣ್ಣನೆಯ ಮರಳು ಹರಡಿದ್ದಾರೆ. (ಮರಳು ತಪ್ಪಿಸಿಕೊಳ್ಳಲು ಕುವೈತ್ ಬಿಟ್ಟು ಹೋದರೆ ಅಲ್ಲೂ ಮರಳೇ.)

"ಅದು ನಮ್ಮದು" ಎಂದೆ.

"ನೀವು ಎಲ್ಲಿಯವರು?"

"ಇಂಡಿಯಾ."

ನನ್ನ ಗಂಡನಿಗೆ ಆ ಹೊತ್ತಲ್ಲೇ ಎಲ್ಲಿಲ್ಲದ ಪ್ರಾಮಾಣಿಕತೆ. "ಆದರೆ ಇರೋದು ಕುವೈತಿನಲ್ಲಿ" ಎಂದು ಸೇರಿಸಿದರು.

ಗಾರ್ಡ್ ವಾಕಿಟಾಕಿಯಲ್ಲಿ ಏನೋ ಹೇಳಿದ. ಇನ್ನೊಬ್ಬ ಬಂದು ಬಾಗಿಲಿಗೆ ಅಡ್ಡ ನಿಂತ. ಪಕ್ಕದಲ್ಲಿದ್ದ ಪ್ರವಾಸಿಗರು ಮಗುವನ್ನು ಎಳೆದುಕೊಂಡು ದೂರ ಸರಿದರು. ಒಳಗೆ ಬರೀ ಚಪ್ಪಲಿ ಇದೆ ಎಂದರೆ ನಂಬುವವರು ಯಾರು?

ಇಂಗ್ಲಿಷ್ ಬಾರದ ಅತ್ತೆ ಫೋನಿಗೆ ಇಣುಕಿದರು. "ಇದು ನಂದಲ್ವಾ? ಎಂತ ಆಯ್ತು, ಯಾರಾದ್ರೂ ಕದ್ದದ್ದಾ?" ಎಂದವರೇ ಸೀರೆ ಚೂರು ಎತ್ತಿ ಗಾರ್ಡ್‌ಗೆ ಬರಿಗಾಲು ತೋರಿಸಿದರು. ಅವನು ಪಾದ ನೋಡಿದ. ಫೋಟೋ ನೋಡಿದ. ನಮ್ಮನ್ನು ಅಲ್ಲೇ ನಿಲ್ಲಿಸಿ ಹೊರಗೆ ಹೋದ.

ವಾಪಸ್ ಬಂದಾಗ ಅವನ ಕೈಯ ಚೀಲದ ಗಂಟು ಬಿಚ್ಚಿತ್ತು, ಹಣೆ ತುಂಬ ಬೆವರು. ಪಾಪ, ಎಳೆಯ ಹುಡುಗ, ನಮಗಿಂತ ಹೆಚ್ಚು ಹೆದರಿದ್ದ. ಚಪ್ಪಲಿ ಬಿಟ್ಟದ್ದೇಕೆ ಎಂದು ಕೇಳಿ ತಿಳಿದುಕೊಂಡ. ಆಮೇಲೆ ಅತ್ತೆಯ ಮೊಬೈಲ್ ಇಸಿದುಕೊಂಡು, ಅವರನ್ನು ಬರಿಗಾಲಲ್ಲೇ ಆ ಮರಳ ಮೇಲೆ ನಿಲ್ಲಿಸಿ ತಾನೇ ಒಂದು ಫೋಟೋ ತೆಗೆದುಕೊಟ್ಟ. ಇಡೀ ಪ್ರವಾಸದಲ್ಲಿ ಅತ್ತೆಗೆ ಇಷ್ಟವಾದದ್ದು ಅದೊಂದೇ ಫೋಟೋ. ಊರಿನ ಭಜನಾ ಗ್ರೂಪಿಗೆ ಕಳಿಸಬೇಕು ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು.

ವಿಮಾನ ಕುವೈತಿನಲ್ಲಿ ಇಳಿಯುವ ಮುಂಚೆ, ಅತ್ತೆ ನಿದ್ದೆಯಲ್ಲಿದ್ದಾಗ, ಇವರು ಅಮ್ಮನ ಮೊಬೈಲಿನಿಂದ ಆ ಫೋಟೋ ಅಳಿಸಿದರು. ನಾನು ನೋಡಿಯೂ ಸುಮ್ಮನಿದ್ದೆ.

ಯಾಕೆಂದು ಗಲ್ಫಿನ ಓದುಗರಿಗೆ ಬಿಡಿಸಿ ಹೇಳಬೇಕೇ? ಯಹೂದಿಗಳ ಮಂದಿರದಲ್ಲಿ ತೆಗೆದ ಫೋಟೋ ಸ್ಟೇಟಸ್‌ಗೆ ಹೋಗುತ್ತದೆ. ಆಫೀಸಿನವರು ಯಾರೋ ನೋಡುತ್ತಾರೆ. ನಮ್ಮ ವೀಸಾಕ್ಕೆ ಜಾಮೀನು ನಿಂತ ಕಫೀಲನ ಕಿವಿಗೆ ಬೀಳುತ್ತದೆ. ಇವರ ಇಕಾಮಾ, ಅಂದರೆ ವಾಸದ ಪರವಾನಗಿ, ಬೇರೆ ರಿನ್ಯೂ ಆಗಬೇಕಿದೆ. ಹಳೆಯ ಸಿನಗಾಗ್ ನೋಡಿ ಬಂದದ್ದು ತಪ್ಪಾ? ಗೊತ್ತಿಲ್ಲ. ಯಾರನ್ನೂ ಕೇಳಲಿಲ್ಲ. ಕೇಳುವುದಕ್ಕೂ ಭಯ.

ಮನೆಯಲ್ಲಿ ಅತ್ತೆ ಸೋಫಾದಲ್ಲಿ ಕೂತು ಮೊಬೈಲನ್ನು ಮೇಲೆ ಕೆಳಗೆ ಉಜ್ಜಿದ್ದೇ ಉಜ್ಜಿದ್ದು. ಕೊನೆಗೆ ಇವರೇ ಬಾಯಿಬಿಟ್ಟರು. "ಅಮ್ಮಾ, ಆ ಫೋಟೋ ನಾನೇ ಅಳಿಸಿದೆ. ಇಲ್ಲಿ ಅಂಥದ್ದೆಲ್ಲ ಇಟ್ಟುಕೊಳ್ಳೋದು ಬೇಡ. ಕೆಲಸಕ್ಕೇ ಕುತ್ತು ಬಂದ್ರೆ?"

ಅತ್ತೆ ಕನ್ನಡಕ ತೆಗೆದು ಮಗನನ್ನು ನೋಡಿದರು.

"ಹೆದರಿಕೆ ಆ ಹುಡುಗನಿಗೂ ಇತ್ತು. ಆದ್ರೆ ಅವನು ಚೀಲ ಬಿಚ್ಚಿ ನೋಡಿದ. ನೀನು ಎಂತ ನೋಡಿದ್ದು?"