ಬೋರ್ಡು ಬದಲಾದ ವರ್ಷಗಳು

ಬೀದಿಯ ಕೊನೆಯ ಗೋದಾಮಿನಲ್ಲಿ ಬೆಳಗಿನ ಆರಕ್ಕೆ ಲಾರಿಯಿಂದ ಖಾಲಿ ಸಿಲಿಂಡರುಗಳನ್ನು ಇಳಿಸುತ್ತಾರೆ. ಒಂದರ ಬೆನ್ನಿಗೊಂದು ನೆಲಕ್ಕೆ ತಾಗುವ ಆ ಠಣ್ ಠಣ್ ಸದ್ದಿಗೆ ಹೊಸದಾಗಿ ಬಂದ ಬಾಡಿಗೆಯವರು ಒಂದು ವಾರ ಬೈದುಕೊಳ್ಳುತ್ತಾರೆ, ಆಮೇಲೆ ಅದು ಕೇಳಿಸದಿದ್ದರೆ ಏಳುವುದೇ ಇಲ್ಲ. ಇಂಚಕ್ಕನಿಗೆ ಅದು ಬೇಕಿರಲಿಲ್ಲ. ಲಾರಿ ಬರುವಷ್ಟರಲ್ಲಿ ಅವಳು ಬಲಗೈ ಹೆಬ್ಬೆರಳನ್ನು ಬಿಸಿನೀರಿನ ಲೋಟದಲ್ಲಿ ಇಳಿಬಿಟ್ಟುಕೊಂಡು ಕೂತಿರುತ್ತಿದ್ದಳು. ಹಾಗೆ ಕಾಯಿಸದೆ ಆ ಬೆರಳು ಮಡಚುತ್ತಿರಲಿಲ್ಲ. ಬೆರಳು ಮಡಚದೆ ಕತ್ತರಿ ಹಿಡಿಯುವ ಹಾಗಿರಲಿಲ್ಲ.

ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುವ ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಬಟ್ಟೆ ಕತ್ತರಿಸುವವಳು ಅವಳು. ಎಂಟು ಪದರ ಬಟ್ಟೆ ಹಾಸಿ, ಅಂಗೈಯಿಂದ ಸುಕ್ಕು ನೀವಿ, ನಾಲ್ಕು ಮೂಲೆಗೂ ಕಬ್ಬಿಣದ ಬಟ್ಟು ಇಟ್ಟು, ಸೀಮೆಸುಣ್ಣದ ಗೆರೆಯ ಮೇಲೆ ಕತ್ತರಿ ಬಿಟ್ಟಳೆಂದರೆ ಉಸಿರು ಕಟ್ಟಿದ ಹಾಗೆ ಮೇಜಿನ ಆ ತುದಿಯವರೆಗೂ ಒಂದೇ ಸಮ. ಅಂಚಿನಲ್ಲಿ ಮಾತ್ರ ಕಾಗದದ ಅಳತೆಗಿಂತ ಒಂದಿಂಚು ಹೆಚ್ಚೇ ಬಿಡುತ್ತಿದ್ದಳು, ಮರುವರ್ಷ ಬಿಚ್ಚಿ ಉದ್ದ ಮಾಡಿಕೊಳ್ಳಲಿ ಎಂದು. "ಮಕ್ಕಳು ಬೆಳೀತಾವೆ ಸಾರ್, ಬಟ್ಟೆ ಬೆಳೆಯುತ್ತಾ?" ಎಂದು ಅವಳು ಸಾಹುಕಾರರ ಬಾಯಿ ಮುಚ್ಚಿಸಿದ ದಿನದಿಂದ ಎಲ್ಲರಿಗೂ ಇಂಚಕ್ಕನಾದಳು.

ಆ ಕಾರ್ಖಾನೆಗೆ ಒಂದು ರೂಢಿಯಿತ್ತು. ಆರೇಳು ವರ್ಷಕ್ಕೊಮ್ಮೆ ಸಾಹುಕಾರರು ಹಳೆಯ ಬೋರ್ಡು ಇಳಿಸಿ ಹೊಸ ಹೆಸರಿನ ಬೋರ್ಡು ಏರಿಸುತ್ತಿದ್ದರು. ಯಾವುದೋ ತೆರಿಗೆಯ ಕಾರಣ, ಯಾರೂ ಕೇಳಿದವರಲ್ಲ. ಅವತ್ತು ಎಲ್ಲರೂ ಕೆಲಸ ಬಿಟ್ಟೆವೆಂದು ಸಹಿ ಹಾಕುವುದು, ಮರುದಿನ ಬಂದು ಅದೇ ಸ್ಟೂಲಿನ ಮೇಲೆ ಕೂರುವುದು. ತಿಂಗಳೊಪ್ಪತ್ತಿನಲ್ಲಿ ಸಂಬಳದಲ್ಲಿ ಹಿಡಿದು ಅಲ್ಲಿಯವರೆಗೆ ಕೂಡಿದ್ದ ಫಂಡಿನ ಹಣ ಇಡಿಗಂಟಾಗಿ ಕೈಗೆ ಬರುತ್ತಿತ್ತು. ಹೆಂಗಸರು ಬದುಕನ್ನೇ ಬೋರ್ಡಿನ ಬಣ್ಣದಿಂದ ನೆನೆಯುತ್ತಿದ್ದರು. ಇಂಚಕ್ಕನ ಸೂರಿಗೆ ತಗಡು ಬಂದದ್ದು ಹಸಿರು ಬೋರ್ಡಿನ ದುಡ್ಡಿನಲ್ಲಿ. ಗಂಡನ ಕಣ್ಣಿನ ಆಪರೇಷನ್ನು ನೀಲಿಯದು. ಮಗಳ ನರ್ಸಿಂಗ್ ಓದು ಕೆಂಪಿನದು. ಈಗ ಆ ಮಗಳು ಬೇರೆ ಊರಿನಲ್ಲಿ ತನ್ನ ಮೂರು ಮಕ್ಕಳ ಜೊತೆ ಏಗುತ್ತಿದ್ದಾಳೆ. ಈಗಿನ ಬಿಳಿ ಬೋರ್ಡು ಮಾತ್ರ ಎಂದಿಗಿಂತ ಹೆಚ್ಚು ಕಾಲ ನಿಂತಿತ್ತು.

ಐವತ್ತೆಂಟು ತುಂಬಿದ ತಿಂಗಳು ಇಂಚಕ್ಕ ಅರ್ಧ ದಿನ ರಜೆ ಹಾಕಿ ಪಿಂಚಣಿ ಆಫೀಸಿಗೆ ಹೋದಳು. ಕಿಟಕಿಯ ಆಚೆ ಕೂತಿದ್ದ ಹುಡುಗಿ ಕಂಪ್ಯೂಟರಿನ ಪರದೆ ನೋಡಿ ಕನ್ನಡಕ ಮೇಲೇರಿಸಿದಳು.

"ಇಪ್ಪತ್ತೊಂಬತ್ತು ವರ್ಷ ಅಂದ್ರಲ್ಲಮ್ಮ, ಇಲ್ಲಿ ಒಂಬತ್ತು ವರ್ಷ ನಾಲ್ಕು ತಿಂಗಳು ಅಂತಿದೆ."

"ಮಿಕ್ಕಿದ್ದು?"

"ಮಿಕ್ಕಿದ್ದನ್ನ ನೀವೇ ತಗೊಂಡಿದ್ದೀರಲ್ಲ, ಮೂರು ಸಲ."

"ದುಡ್ಡು ತಗೊಂಡೆ. ವರ್ಷ ಎಲ್ಲಿ ತಗೊಂಡೆ ತಾಯಿ?"

ಹುಡುಗಿಗೆ ನಗು ಬಂತು, ಆದರೆ ನಗಲಿಲ್ಲ. "ದುಡ್ಡಿನ ಜೊತೆ ವರ್ಷಾನೂ ಹೋಗುತ್ತಮ್ಮ. ಹತ್ತು ತುಂಬಿದ್ರೆ ನೀವು ಇರೋ ತನಕ ತಿಂಗಳು ತಿಂಗಳು ಬರುತ್ತೆ, ನಿಮ್ಮ ನಂತರ ನಿಮ್ಮ ಮನೆಯವರಿಗೂ ಅರ್ಧ. ಇನ್ನು ಎಂಟು ತಿಂಗಳು ಹೇಗಾದ್ರೂ ಕೆಲಸದಲ್ಲಿರಿ. ಮಧ್ಯೆ ಮಾತ್ರ ತೆಗೀಬೇಡಿ."

ಗಂಡ ಮೊದಲು ಕೈಗಡಿಯಾರ ರಿಪೇರಿ ಮಾಡುತ್ತಿದ್ದವನು. ಈಗ ಅವನ ಕಣ್ಣಿಗೆ ಬೆಳಕು, ನೆರಳು ಅಷ್ಟೇ. ಸಂಜೆ ಅವಳು ಹೇಳಿದ್ದನ್ನೆಲ್ಲ ಕೇಳಿ, "ಎಂಟು ತಿಂಗಳಿಗೆ ಹುಟ್ಟಿದ ಮಗೂನೂ ಬದುಕುತ್ತೆ ಕಣೆ, ಎಂಟು ತಿಂಗಳು ಯಾವ ಲೆಕ್ಕ?" ಎಂದ.

"ನಿಮಗೆ ಎಲ್ಲಾನೂ ತಮಾಷೆ."

ಅವನೇ ಮತ್ತೆ ಕೇಳಿದ. "ನನ್ನ ಕಣ್ಣಿಗೆ ಹೋಗಿದ್ದು ನೀಲಿ ಅಲ್ವಾ? ಎಷ್ಟು ವರ್ಷ ಅದರಲ್ಲಿ?"

"ಏಳು."

"ಏಳು ವರ್ಷ ನುಂಗಿಯೂ ಸರಿಯಾಗಿ ಕಾಣಲಿಲ್ಲ ನೋಡು ಈ ಹಾಳು ಕಣ್ಣು."

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಲ್ಲಿ ತುಂಬ ಹೊತ್ತು ನೀರು ಬಿಟ್ಟ ಸದ್ದು ಬಂತು.

ಮರುದಿನ ಸಾಹುಕಾರರ ಕೋಣೆಗೆ ಹೋದಾಗ ಹಳದಿ ಬಣ್ಣದ ಹೊಸ ಬೋರ್ಡು ಗೋಡೆಗೆ ಮುಖ ಮಾಡಿ ಒರಗಿತ್ತು. ತಿಂಗಳ ಕೊನೆಗೆ ಏರಿಸುವುದು ಎಂದು ಆಗಲೇ ತೀರ್ಮಾನವಾಗಿತ್ತು. ಅದು ಏರಿದರೆ ಇಂಚಕ್ಕನ ಒಂಬತ್ತು ವರ್ಷವೂ ಗಂಟಾಗಿ ಕೈಗೆ ಬಂದು ಲೆಕ್ಕದಿಂದ ಹೋಗುತ್ತಿತ್ತು.

"ನನ್ನೊಬ್ಬಳದನ್ನ ಮುಟ್ಟದೆ ಹಾಗೇ ಹೊಸ ಹೆಸರಿಗೆ ದಾಟಿಸೋಕೆ ಆಗಲ್ವಾ ಸಾರ್?"

"ದಾಟಿಸಿದ್ರೆ ಹಳೇದೂ ಹೊಸದೂ ಒಂದೇ ಅಂತ ತೆರಿಗೆಯವರಿಗೆ ನಾನೇ ಬರೆದುಕೊಟ್ಟ ಹಾಗಾಗುತ್ತಲ್ಲಮ್ಮ," ಎಂದರು ಅವರು. ಕೆಟ್ಟ ಮನುಷ್ಯರೇನಲ್ಲ, ಹೇಳುವಾಗ ಅವಳ ಮುಖ ನೋಡಲಿಲ್ಲ. "ಒಂದು ಕೆಲಸ ಮಾಡು. ಇದೇ ದುಡ್ಡಿಗೆ ಎಲ್ಲರೂ ಬಾಯಿ ಬಿಟ್ಕೊಂಡು ಕಾಯ್ತಿದ್ದಾರೆ. ನೀನು ಬಿಟ್ಟು ಹನ್ನೆರಡು ಜನ. ಎಂಟು ತಿಂಗಳು ತಡೀರಿ ಅಂತ ಹನ್ನೆರಡು ಜನಾನೂ ಸಹಿ ಹಾಕಿಕೊಟ್ರೆ ತಡೀತೀನಿ, ನಿನ್ನನ್ನೂ ಇಟ್ಕೋತೀನಿ. ಒಬ್ಬರು ಒಲ್ಲೆ ಅಂದ್ರೂ ನನ್ನ ಕೇಳಬೇಡ."

ಇಂಚಕ್ಕ ಯಾರ ಮುಂದೂ ಕೈ ಚಾಚಿದವಳಲ್ಲ. ಅವತ್ತು ಊಟದ ಬಿಡುವಿನಲ್ಲಿ ಕಾಗದ ಹಿಡಿದು ಮಿಷನ್ನಿಂದ ಮಿಷನ್ನಿಗೆ ನಡೆದಳು.

"ನಾನು ಸ್ಕೂಟರಿಗೆ ಮುಂಗಡ ಕೊಟ್ಟಾಗಿದೆ ಇಂಚಕ್ಕ," ಎಂದಳು ಕಾಲರ್ ಹೊಲಿಯುವವಳು.

"ನಿಂಗೂ ಒಂಬತ್ತು ತುಂಬಿದೆ ಕಣಮ್ಮ, ಮುಟ್ಟಬೇಡ. ಮುಂದೆ ಊರುಗೋಲಾಗುತ್ತೆ."

"ಅಯ್ಯೋ, ಮುದುಕಿ ಆದಾಗ ನೋಡ್ಕೊಂಡ್ರಾಯ್ತು."

"ನಾನೂ ಹಾಗೇ ಅಂದಿದ್ದೆ. ಮೂರು ಸಲ."

ಕಾಲರಿನವಳು ಮುಖ ಊದಿಸಿಕೊಂಡೇ ಸಹಿ ಹಾಕಿದಳು. ಕೆಲವರು ಗೊಣಗಿದರು, ಒಬ್ಬಳು ಕಣ್ಣೊರೆಸಿಕೊಂಡು ಹಾಕಿದಳು. ಮೂರು ದಿನದಲ್ಲಿ ಹನ್ನೊಂದು ಸಹಿ ಆಯಿತು.

ಉಳಿದದ್ದು ಗುಂಡಿ. ಅಂಗಿಗಳಿಗೆ ಗುಂಡಿ ಕೂರಿಸುವವಳು, ಹೆಸರೂ ಅದೇ ಆಗಿಹೋಗಿತ್ತು. ಇಪ್ಪತ್ತೆರಡು ವರ್ಷ ಇಂಚಕ್ಕನ ಪಕ್ಕದಲ್ಲೇ ಕೂತು, ಒಂದೇ ಡಬ್ಬಿಯಲ್ಲಿ ಉಂಡವಳು. ಮಂಡಿ ನೋವೆಂದು ಹತ್ತು ದಿನದಿಂದ ಕೆಲಸಕ್ಕೆ ಬಂದಿರಲಿಲ್ಲ. ಬರುವ ತಿಂಗಳು ಆಪರೇಷನ್ನಿಗೆ ದಿನ ಗೊತ್ತಾಗಿತ್ತು, ಅದಕ್ಕೆ ದುಡ್ಡು ಈ ಫಂಡಿನದೇ. ಅವಳ ಮನೆಗೆ ಕಾಗದ ಒಯ್ಯಲು ಇಂಚಕ್ಕನಿಗೆ ಕಾಲೇ ಬರಲಿಲ್ಲ. ನಾಳೆ, ನಾಡಿದ್ದು ಎನ್ನುತ್ತ ವಾರ ಕಳೆಯಿತು.

ಕೊನೆಗೆ ಗುಂಡಿಯೇ ಬಂದಳು. ಯಾರೋ ಸುದ್ದಿ ಮುಟ್ಟಿಸಿದ್ದರು. ಕಾರ್ಖಾನೆ ಇದ್ದದ್ದು ಮೇಲಿನ ಮಹಡಿಯಲ್ಲಿ, ಹತ್ತೊಂಬತ್ತು ಮೆಟ್ಟಿಲು. ಏನೋ ಉಜ್ಜಿದ ಸದ್ದು ಕೇಳಿ ಇಂಚಕ್ಕ ಬಗ್ಗಿ ನೋಡಿದಳು. ಗುಂಡಿ ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಎರಡೂ ಕೈ ಊರಿ, ಕೂತಲ್ಲಿಂದಲೇ ಒಂದೊಂದು ಮೆಟ್ಟಿಲು ಹಿಂದಕ್ಕೆ ಏರುತ್ತಿದ್ದಳು. ಕಾಲು ಮುಂದೆ ಕೋಲಿನ ಹಾಗೆ ಚಾಚಿತ್ತು.

"ಕೊಡೆ ಆ ಕಾಗದ," ಎಂದಳು ಮೇಲೆ ಬಂದು, ಏದುಸಿರಿನಲ್ಲೇ. "ಊರಿಗೆಲ್ಲ ತೋರಿಸಿದ್ದೀಯಂತೆ, ನಾನೊಬ್ಬಳು ನಿಂಗೆ ಬೇಡವಾದೆ."

"ನಿನ್ನ ಆಪರೇಷನ್ನು?"

"ಮಂಡಿ ಎಲ್ಲಿಗೆ ಓಡಿಹೋಗುತ್ತೆ? ಓಡೋ ಹಾಗಿದ್ರೆ ಆಪರೇಷನ್ ಯಾಕೆ ಬೇಕಿತ್ತು?"

ತನ್ನ ಮಾತಿಗೆ ತಾನೇ ನಕ್ಕಳು. ನೋವಿಗೆ ನಗು ಅರ್ಧಕ್ಕೆ ನಿಲ್ಲಿಸಿ ತುಟಿ ಕಚ್ಚಿಕೊಂಡಳು.

"ಡಾಕ್ಟರು ಏನಂದ್ರು? ಸರಿಯಾಗಿ ಹೇಳು."

"ತಡ ಮಾಡಿದ್ರೆ ಇನ್ನೊಂದೂ ಹೋಗುತ್ತಂತೆ. ಅವರು ಹಾಗೇ ಅನ್ನೋದು. ಕೊಡೇ."

ಇಂಚಕ್ಕ ಕಾಗದವನ್ನು ಎರಡಾಗಿ ಮಡಚಿದಳು, ನಾಲ್ಕಾಗಿ ಮಡಚಿದಳು. ಹೆಬ್ಬೆರಳು ನೆಟ್ಟಗೇ ನಿಂತಿತ್ತು. "ಪೆನ್ನಲ್ಲಿ ಶಾಯಿ ಇಲ್ಲ," ಎಂದಳು.

"ಸುಳ್ಳು ಹೇಳೋಕೆ ಯಾವತ್ತೂ ಬರಲಿಲ್ಲ ನಿಂಗೆ. ಮುಂದೆ ಏನು ತಿಂತೀರೆ ಇಬ್ಬರೂ? ಗಾಳಿನಾ?"

"ಕೈಗೆ ಬರೋ ಗಂಟು ಇದೆಯಲ್ಲ."

"ಕೂತು ತಿಂದ್ರೆ ಕುಡಿಕೆ ಹೊನ್ನೂ ಸಾಲದು. ನಿಂದು ಅದರಲ್ಲಿ ಕಾಲು ಕುಡಿಕೆ."

"ಹಾಗಾದ್ರೆ ಕೂರೋದು ಬೇಡ, ನಿಂತೇ ತಿನ್ನೋಣ. ಲೆಕ್ಕ ಸುಲಭ ಕಣೆ. ಹಳದಿ ಬೋರ್ಡಿನಲ್ಲಿ ಹೊಸದಾಗಿ ಹತ್ತು ವರ್ಷ. ಆಗ ನಂಗೆ ಅರವತ್ತೆಂಟು, ಸಾಹುಕಾರರು ಇಟ್ಕೊಂಡ್ರೆ, ಈ ಬೆರಳು ಅಲ್ಲಿ ತನಕ..." ಎನ್ನುತ್ತಲೇ ಇಂಚಕ್ಕ ಮಡಚಿದ ಕಾಗದವನ್ನು ಮುಷ್ಟಿಯಲ್ಲಿ ಹಿಡಿದು, ಬೋರ್ಡು ಏರಿಸಿ ಎಂದು ಹೇಳಲು ಸಾಹುಕಾರರ ಕೋಣೆಯ ಕಡೆ ತಿರುಗಿ ನಡೆದುಬಿಟ್ಟಳು.